ತೋಳಿನ ಜೋಲು ಚರ್ಮ ತೆಗೆಸುವಾಗ ಹೊಲಿಗೆ ಎಲ್ಲಿ ಬೀಳಬೇಕು?

ತೂಕ ಬಹಳ ಇಳಿದ ಮೇಲೆ ತೋಳಿನಡಿ ಜೋತ ಚರ್ಮ ವ್ಯಾಯಾಮಕ್ಕೆ ಬಗ್ಗುವುದಿಲ್ಲ. ಬ್ರಾಕಿಯೋಪ್ಲಾಸ್ಟಿ ಎಂಬ ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ಕತ್ತರಿಸಿ ತೆಗೆಯುತ್ತಾರೆ, ಆದರೆ ಕಂಕುಳಿನಿಂದ ಮೊಣಕೈವರೆಗೆ ಹೊಲಿಗೆಯ ಗೆರೆ ಉಳಿಯುತ್ತದೆ. ಆ ಗೆರೆ ಎಲ್ಲಿರಬೇಕೆಂದು ಆಪರೇಷನ್‌ಗೆ ಮೊದಲೇ ನೀವು ಮಾತಾಡಿಕೊಳ್ಳಲೇಬೇಕು.

ತೂಕ ಇಳಿಸಲು ಹೊಟ್ಟೆಗೆ ಮಾಡುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಆದವರು ಸಾಮಾನ್ಯವಾಗಿ 12ರಿಂದ 18 ತಿಂಗಳು ಕಾಯಬೇಕು. ತೂಕ 3ರಿಂದ 6 ತಿಂಗಳು ಒಂದೇ ಮಟ್ಟದಲ್ಲಿ ನಿಂತಿರಲಿ. ಸಿಗರೇಟನ್ನು ಕನಿಷ್ಠ 4 ವಾರ ಮೊದಲು ಬಿಡಿ. ನಿಕೋಟಿನ್ ರಕ್ತನಾಳ ಸಂಕುಚಿಸಿದರೆ ಹೊಲಿಗೆಯ ಅಂಚು ರಕ್ತ ಸಿಗದೆ ಸತ್ತು ಬಿಚ್ಚಿಕೊಳ್ಳಬಹುದು. ಸ್ತನ ಕ್ಯಾನ್ಸರ್‌ಗಾಗಿ ಕಂಕುಳಿನ ದುಗ್ಧಗ್ರಂಥಿ ತೆಗೆಸಿದ್ದರೆ ಮೊದಲೇ ಹೇಳಿ, ಆ ಕೈ ಬಾತುಕೊಳ್ಳುವ ಅಪಾಯವಿದೆ.

ಗೆರೆಗೆ ಮುಖ್ಯವಾಗಿ ಎರಡು ಜಾಗ. ತೋಳಿನ ಒಳಬದಿಯಲ್ಲಿ, ಸ್ನಾಯುಗಳ ನಡುವಿನ ತಗ್ಗಿನಲ್ಲಿ ಇಟ್ಟರೆ ಕೈ ಇಳಿಬಿಟ್ಟಾಗ ಕಾಣದು, ಎತ್ತಿದಾಗ ಎದುರಿನವರಿಗೆ ಕಾಣುತ್ತದೆ. ಹಿಂಬದಿಗೆ ಸರಿಸಿದರೆ ಮುಂದಿನಿಂದ ಮರೆ, ಹಿಂದಿನಿಂದ ಬಯಲು. ಗಿಡ್ಡ ತೋಳಿನ ರವಿಕೆ ತೊಡುವವರು ಅದನ್ನೇ ತೊಟ್ಟು ಸಲಹೆಗೆ ಹೋಗಿ. ವೈದ್ಯರಿಂದ ಪೆನ್ನಿನಲ್ಲಿ ಗೆರೆ ಎಳೆಸಿಕೊಂಡು, ಕೈ ಎತ್ತಿ ಇಳಿಸಿ, ಮುಂದೆ ಹಿಂದೆ ಫೋಟೊ ತೆಗೆಸಿ ನೋಡಿ. ಕಂಕುಳಲ್ಲೇ ಮುಗಿಯುವ ಗಿಡ್ಡ ಗೆರೆ, ಸಡಿಲ ಚರ್ಮ ತೋಳಿನ ಮೇಲ್ಭಾಗದಲ್ಲಷ್ಟೇ ಇರುವವರಿಗೆ ಮಾತ್ರ. ಉಳಿದವರಿಗೆ ಅದು ನಿರಾಸೆ.

ಗುರುತು ಹಾಕುವಾಗ ನೀವು ನಿಂತಿರಬೇಕು, ತೋಳು ಭುಜದ ಮಟ್ಟಕ್ಕೆ, ಮೊಣಕೈ 90 ಡಿಗ್ರಿ ಮಡಿಸಿ. ವೈದ್ಯರು ಹೆಬ್ಬೆರಳು ತೋರುಬೆರಳಿನಿಂದ ಜೋಲು ಚರ್ಮ ಹಿಡಿದು, ಎಷ್ಟು ತೆಗೆದರೆ ಅಂಚುಗಳು ಎಳೆತವಿಲ್ಲದೆ ಸೇರುತ್ತವೆ ಎಂದು ಅಳೆಯುತ್ತಾರೆ. ಶಸ್ತ್ರಚಿಕಿತ್ಸೆ ನಡೆಯುತ್ತಿದ್ದಂತೆ ತೋಳು ಊದಿಕೊಳ್ಳುವುದರಿಂದ ಎಲ್ಲವನ್ನೂ ಒಮ್ಮೆಲೇ ಕತ್ತರಿಸದೆ ಭಾಗಭಾಗವಾಗಿ ಕತ್ತರಿಸಿ ಹೊಲಿಯುವುದು ಕ್ಷೇಮ. ಎಳೆದು ಬಿಗಿದ ಹೊಲಿಗೆ ಮುಂದೆ ಅಗಲವಾದ ಕಲೆಯಾಗುತ್ತದೆ.

ಕಂಕುಳಿನ ಮಡಿಕೆಯನ್ನು ನೇರ ಗೆರೆ ದಾಟಬಾರದು. ವಾಸಿಯಾಗುವಾಗ ಅದು ಹಗ್ಗದಂತೆ ಕುಗ್ಗಿ, ಕೈ ಪೂರ್ತಿ ಮೇಲೆತ್ತಲು ಬಿಡುವುದಿಲ್ಲ. ಅದಕ್ಕೇ ಅಲ್ಲಿ ಝಡ್ ಆಕಾರದಲ್ಲಿ ಗೆರೆಯನ್ನು ಮುರಿಯುತ್ತಾರೆ. ಇದನ್ನು ಹೇಗೆ ಮಾಡುತ್ತೀರೆಂದು ಕೇಳಿ. ಇನ್ನೊಂದು ಸೂಕ್ಷ್ಮ ಜಾಗ ತೋಳಿನ ಒಳಬದಿಯ ಕೆಳಭಾಗ. ಮುಂಗೈಗೆ ಸ್ಪರ್ಶ ನೀಡುವ ನರವೊಂದು ಅಲ್ಲಿ ಚರ್ಮದ ಹತ್ತಿರಕ್ಕೆ ಬರುತ್ತದೆ. ಅದರ ಮೇಲೆ ತುಸು ಕೊಬ್ಬಿನ ಪದರ ಬಿಡದಿದ್ದರೆ ಮುಂಗೈ ಮರಗಟ್ಟಬಹುದು, ಉರಿಯಬಹುದು.

ಮನೆಗೆ ಬಂದ ಮೇಲೆ ಒತ್ತುತೋಳನ್ನು (ತೋಳನ್ನು ಬಿಗಿಯಾಗಿ ಒತ್ತಿ ಹಿಡಿಯುವ ಉಡುಪು) ವೈದ್ಯರು ಹೇಳಿದಷ್ಟು ದಿನ, ಸಾಮಾನ್ಯವಾಗಿ 4ರಿಂದ 6 ವಾರ, ಧರಿಸಿ. ಅಷ್ಟು ಕಾಲ ನೀರಿನ ಬಕೆಟ್ ಎತ್ತುವುದು, ಅಟ್ಟದ ಡಬ್ಬಿ ಇಳಿಸುವುದು ಬೇಡ. ಹೊಲಿಗೆ ಪೂರ್ತಿ ಒಣಗಿದ ಮೇಲೆ ಸಿಲಿಕೋನ್ ಪಟ್ಟಿಯನ್ನು ದಿನಕ್ಕೆ 12 ಗಂಟೆಗಿಂತ ಹೆಚ್ಚು, ಎರಡು ಮೂರು ತಿಂಗಳು ಅಂಟಿಸಿಕೊಳ್ಳಿ. ಹೊರಗೆ ಹೋಗುವಾಗ ಗೆರೆಗೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಬೇಕು, ಇಲ್ಲವಾದರೆ ಕಲೆ ಕಪ್ಪಾಗುತ್ತದೆ. ಜ್ವರ, ಕೀವು, ಒಂದೇ ತೋಳು ದಿಢೀರ್ ಊದುವುದು ಕಂಡರೆ ಅಂದೇ ಆಸ್ಪತ್ರೆಗೆ.

ಮೊದಲ ಕೆಲವು ತಿಂಗಳು ಗೆರೆ ಕೆಂಪಗೆ, ನಮ್ಮ ಬಣ್ಣದ ಚರ್ಮದಲ್ಲಿ ಕಡುನೇರಳೆಯಾಗಿ, ಉಬ್ಬಿ ಕಾಣುತ್ತದೆ. ಗಾಬರಿ ಬೇಡ. ಕಿವಿ ಚುಚ್ಚಿದಲ್ಲಿ ಅಥವಾ ಬಿಸಿಜಿ ಲಸಿಕೆಯ ಜಾಗದಲ್ಲಿ ಗಂಟುಕಲೆ (ಕೀಲಾಯ್ಡ್) ಬೆಳೆದವರು ಮಾತ್ರ ಎಚ್ಚರವಾಗಿರಬೇಕು: ಅದನ್ನು ಮೊದಲ ಭೇಟಿಯಲ್ಲೇ ತೋರಿಸಿ, ಕಲೆ ತುರಿಸುತ್ತಾ ದಪ್ಪವಾಗತೊಡಗಿದರೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದು ಬೇಗ ಶುರುಮಾಡಬಹುದು. ಉಳಿದವರಲ್ಲಿ ಕಲೆ ಮಾಗಲು 12ರಿಂದ 18 ತಿಂಗಳು ಬೇಕು. ಗೆರೆ ತಿದ್ದಿಸುವ ಮಾತನ್ನು ಒಂದು ವರ್ಷ ತುಂಬುವ ಮೊದಲು ಎತ್ತಬೇಡಿ.