ರಸ್ತೆ, ಚರಂಡಿಯ ನಕ್ಷೆಗೆ ಆಕ್ಷೇಪಣೆ ಬರೆಯುವುದು ಹೇಗೆ?

ಕಲಬುರಗಿಯಲ್ಲಿ ಜನ ಎಂಜಿನಿಯರ್ ಜೊತೆ ವಾದಕ್ಕೆ ನಿಲ್ಲುವುದು ಜೆಸಿಬಿ ಬಂದ ಮೇಲೆ. ಅಷ್ಟೊತ್ತಿಗೆ ಟೆಂಡರ್ ಮುಗಿದಿರುತ್ತದೆ. ನಕ್ಷೆ ಬದಲಾಗಬೇಕಿದ್ದರೆ ಎಸ್ಟಿಮೇಟ್‌ಗೆ (ಖರ್ಚಿನ ಅಂದಾಜು ಪಟ್ಟಿಗೆ) ತಾಂತ್ರಿಕ ಮಂಜೂರಾತಿ, ಅಂದರೆ ಮೇಲಿನ ಎಂಜಿನಿಯರ್ ಒಪ್ಪಿಗೆ, ಸಿಗುವ ಮುಂಚೆಯೇ ಹೇಳಬೇಕು.

ಮೊದಲು ಕೆಲಸ ಯಾರದ್ದು ಅಂತ ತಿಳಿಯಿರಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣವಾದರೂ ಮಾಡಿಸುವುದು ಪಾಲಿಕೆಯೋ ಲೋಕೋಪಯೋಗಿ ಇಲಾಖೆಯೋ ಆಗಿರಬಹುದು.

ಆಮೇಲೆ ಅಲ್ಲಿನ ಜೆಇ (ಕಿರಿಯ ಎಂಜಿನಿಯರ್) ಹತ್ತಿರ ನಕ್ಷೆ ಕೇಳಿ. ಅದೇ ದಿನ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿ. ಉತ್ತರಕ್ಕೆ 30 ದಿನ ಗಡುವಿದೆ, ಕಾಯುತ್ತ ಕೂತರೆ ತಡವಾಗುತ್ತದೆ. ‘ಪೂರ್ಣ ವಿವರ ಕೊಡಿ’ ಅನ್ನಬೇಡಿ. ಪ್ಲಾನ್ (ಮೇಲಿನಿಂದ ಕಾಣುವ ನಕ್ಷೆ), ಕ್ರಾಸ್ ಸೆಕ್ಷನ್ (ಅಡ್ಡ ಸೀಳಿದಂತೆ ತೋರಿಸುವ ನಕ್ಷೆ), ಲಾಂಗ್ ಸೆಕ್ಷನ್ (ಉದ್ದಕ್ಕೂ ಸೀಳಿದಂತೆ ತೋರಿಸುವ ನಕ್ಷೆ), ಎಸ್ಟಿಮೇಟ್ ಅಂತ ಹೆಸರಿಟ್ಟು ಕೇಳಿ. ಬಣ್ಣದ 3ಡಿ ಚಿತ್ರ ಕೊಟ್ಟರೆ ಒಪ್ಪಬೇಡಿ, ಅದರಲ್ಲಿ ಅಳತೆ ಇರುವುದಿಲ್ಲ.

ಜನ ಎಡವುವುದು ನಕ್ಷೆ ಓದುವಾಗ. ಎಲ್ಲರೂ ರಸ್ತೆಯ ಅಗಲ ನೋಡುತ್ತಾರೆ, ಲೆವೆಲ್ (ಎತ್ತರ) ನೋಡುವುದಿಲ್ಲ. ಕ್ರಾಸ್ ಸೆಕ್ಷನ್‌ನಲ್ಲಿ ಎಫ್‌ಆರ್‌ಎಲ್ ಅಂತ ಇರುವುದು ಕೆಲಸ ಮುಗಿದ ಮೇಲಿನ ರಸ್ತೆಯ ಎತ್ತರ. ಅದು ಈಗಿನ ರಸ್ತೆಗಿಂತ ಎಷ್ಟು ಜಾಸ್ತಿ ಅಂತ ಲೆಕ್ಕ ಹಾಕಿ. ಟೇಪ್ ಹಿಡಿದು ನಿಮ್ಮ ಹೊಸ್ತಿಲು ಈಗಿನ ರಸ್ತೆಗಿಂತ ಎಷ್ಟು ಎತ್ತರ ಇದೆ ಅಳೆಯಿರಿ. ಹೊಸ್ತಿಲಿನ ಎತ್ತರಕ್ಕಿಂತ ರಸ್ತೆ ಏರುವುದೇ ಜಾಸ್ತಿ ಆದರೆ ಮಳೆನೀರು ಮನೆಯೊಳಗೇ ಬರುತ್ತದೆ. ಹಳೇ ಪದರ ಕಿತ್ತು ಹೊಸದು ಹಾಕಿ ಅಂತ ಬರೆಯಿರಿ.

ಲಾಂಗ್ ಸೆಕ್ಷನ್‌ನಲ್ಲಿ ಚರಂಡಿಯ ತಳದ ಲೆವೆಲ್ ನೀರು ಹೋಗುವ ದಿಕ್ಕಿಗೆ ಇಳಿಯುತ್ತಲೇ ಹೋಗಬೇಕು. ಮಧ್ಯೆ ಎಲ್ಲೋ ಒಂದು ಕಡೆ ಏರಿದರೂ ಅದರ ಹಿಂದೆ ನೀರು ನಿಲ್ಲುತ್ತದೆ. ಚರಂಡಿ ಕೊನೆಗೆ ಯಾವ ದೊಡ್ಡ ನಾಲೆಗೆ ಸೇರುತ್ತದೆ? ನಕ್ಷೆಯಲ್ಲಿ ಅದು ಕಾಣದಿದ್ದರೆ ಮೊದಲ ಆಕ್ಷೇಪಣೆ ಅದೇ ಇರಲಿ.

ನಮ್ಮದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದನ್ನು ತೆಗೆದು ಮುರುಮು (ಗಟ್ಟಿ ಜಲ್ಲಿ ಮಣ್ಣು) ತುಂಬುವ ಬಾಬ್ತು ಎಸ್ಟಿಮೇಟ್‌ನಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಫುಟ್‌ಪಾತ್ ಏಳುವುದು ಖಂಡಿತ. ನುಣುಪು ಟೈಲ್ಸ್ ಬೇಡವೇ ಬೇಡ, ಮಳೆಯಲ್ಲಿ ವಯಸ್ಸಾದವರು ಜಾರುತ್ತಾರೆ. ಒರಟು ಶಹಾಬಾದ್ ಕಲ್ಲನ್ನೇ ಕೇಳಿ, ಅದು ನಮ್ಮ ಜಿಲ್ಲೆಯಲ್ಲೇ ಸಿಗುತ್ತದೆ ಅಲ್ವಾ? ಕಂಬ, ಟ್ರಾನ್ಸ್‌ಫಾರ್ಮರ್ ಬಿಟ್ಟು ನಡೆಯಲು 1.8 ಮೀಟರ್ ಉಳಿಯಬೇಕು. ಗಾಲಿಕುರ್ಚಿಯ ರ‍್ಯಾಂಪ್ 12 ಅಡಿಗೆ 1 ಅಡಿಗಿಂತ ಜಾಸ್ತಿ ಏರಬಾರದು.

ಕೆಲಸ ಕೋಟೆಯ ಹತ್ತಿರವಾದರೆ ಇನ್ನೊಂದು ವಿಷಯ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ. ಅನುಮತಿಯ ಪ್ರತಿ ಕೇಳಿ.

ಈಗ ಆಕ್ಷೇಪಣೆ. ಒಂದೇ ಹಾಳೆ ಸಾಕು. ‘ನಕ್ಷೆ ಸರಿ ಇಲ್ಲ’ ಅಂತ ಸುಮ್ನೆ ಬರೆದರೆ ಫೈಲಿಗೆ ಸೇರುತ್ತದೆ, ಅಷ್ಟೇ. ನಕ್ಷೆಯ ಸಂಖ್ಯೆ, ಯಾವ ಮನೆ ಎದುರು, ಈಗಿನ ಲೆವೆಲ್, ಬೇಕಾದ ಲೆವೆಲ್ ಬರೆಯಿರಿ. ಕಚೇರಿಯ ಟಪಾಲು ವಿಭಾಗದಲ್ಲಿ ಕೈಯಾರೆ ಕೊಟ್ಟು ನಿಮ್ಮ ಪ್ರತಿಗೆ ಮೊಹರು ಹಾಕಿಸಿ. ಟೆಂಡರ್ ಕರೆದಾಗ ಅದರ ನಕ್ಷೆಯನ್ನು ನಿಮ್ಮ ಹಾಳೆಯ ಪಕ್ಕ ಇಟ್ಟು ನೋಡಿ. ಲೆವೆಲ್ ಹಾಗೇ ಇದ್ದರೆ ಅದೇ ಮೊಹರಿನ ಪ್ರತಿ ಹಿಡಿದು ಆಯುಕ್ತರ ಬಳಿ ಹೋಗಿ.