ಪ್ರೌಢಶಾಲಾ ತರಗತಿಯಲ್ಲಿ ಕೆಲಸ ಹಂಚಿಕೆ: ಯಾರಿಗೆ, ಹೇಗೆ, ಎಷ್ಟು ದಿನ

ಜೂನ್ ತಿಂಗಳಲ್ಲಿ ಶಾಲಾ ಸಂಸತ್ತು ರಚನೆಯಾಗಿ, ಆರೋಗ್ಯ ಮಂತ್ರಿ, ಕ್ರೀಡಾ ಮಂತ್ರಿ ಎಂದು ಹೆಸರುಗಳು ಗೋಡೆಯ ಮೇಲೇರುತ್ತವೆ; ಜುಲೈ ಬರುವಷ್ಟರಲ್ಲಿ ಆ ಪಟ್ಟಿಯನ್ನು ಯಾರೂ ತಿರುಗಿ ನೋಡುವುದಿಲ್ಲ. ಮಾಡದಿದ್ದರೂ ಯಾರಿಗೂ ಗೊತ್ತಾಗದ ಕೆಲಸವನ್ನು ಎಂಟು, ಒಂಬತ್ತನೆಯ ತರಗತಿಯ ಮಕ್ಕಳು ಬಹುಬೇಗ ಗುರುತಿಸಿಬಿಡುತ್ತಾರೆ. ಆದ್ದರಿಂದ ತರಗತಿ ಶಿಕ್ಷಕರು ಮೊದಲ ವಾರ ಯಾರಿಗೂ ಏನನ್ನೂ ಹಂಚದೆ, ದಿನವೂ ಏನೇನು ಅಡಚಣೆಯಾಗುತ್ತಿದೆ ಎಂಬುದನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಕುಡಿಯುವ ನೀರು, ಕಸ, ಕರಿಹಲಗೆ, ನೋಟ್‌ಬುಕ್ ವಿತರಣೆ, ಸ್ಮಾರ್ಟ್ ಕ್ಲಾಸಿನ ಟಿವಿ, ಗ್ರಂಥಾಲಯದ ಪುಸ್ತಕಗಳ ಲೆಕ್ಕ, ಬಿಸಿಯೂಟದ ಸಾಲು, ಸಂಜೆ ಕಿಟಕಿ ಮತ್ತು ಫ್ಯಾನು: ಹೆಚ್ಚಿನ ತರಗತಿಗಳಲ್ಲಿ ಪಟ್ಟಿ ಇಷ್ಟಕ್ಕೇ ನಿಲ್ಲುತ್ತದೆ.

ಪ್ರತಿ ಕೆಲಸಕ್ಕೂ ಒಂದು ಚೀಟಿ ಬರೆಯಬೇಕು. "ನೀರಿನ ಉಸ್ತುವಾರಿ" ಎಂದಷ್ಟೇ ಬರೆದರೆ ಸಾಲದು. ಪ್ರಾರ್ಥನೆಯ ಗಂಟೆಗೆ ಮೊದಲು ಡ್ರಮ್ಮಿನ ತಳದಲ್ಲಿ ಉಳಿದ ನೀರನ್ನು ಗಿಡಗಳಿಗೆ ಚೆಲ್ಲಿ, ಡ್ರಮ್ಮು ತೊಳೆದು, ಶುದ್ಧ ನೀರಿನ ಘಟಕದಿಂದ ತಂದ ನೀರನ್ನು ತುಂಬಬೇಕು. ಮುಚ್ಚಳ ಹಾಕಿ, ಹಿಡಿಕೆಯ ಲೋಟವನ್ನು ಮೊಳೆಗೆ ನೇತುಹಾಕಬೇಕು. ಕರೆಂಟು ಹೋಗಿ ನೀರು ಸಿಗದಿದ್ದರೆ ಮೊದಲ ಅವಧಿ ಮುಗಿಯುವುದರೊಳಗೆ ಮುಖ್ಯ ಗುರುಗಳಿಗೆ ತಿಳಿಸಬೇಕು. ಕೊನೆಯ ಮಾತು ಬಹಳ ಮುಖ್ಯ, ಏಕೆಂದರೆ ತನ್ನ ಕೈಮೀರಿದಾಗ ಯಾರಿಗೆ ಹೇಳಬೇಕೆಂದು ಗೊತ್ತಿಲ್ಲದ ವಿದ್ಯಾರ್ಥಿ ಕೆಲಸವನ್ನು ಅಲ್ಲಿಗೇ ಕೈಬಿಡುತ್ತಾನೆ.

ಯಾವ ಕೆಲಸವನ್ನೂ ಒಬ್ಬರಿಗೇ ಕೊಡಬಾರದು. ರಾಯಚೂರು, ಬಳ್ಳಾರಿ, ಕೊಪ್ಪಳದ ಹಳ್ಳಿಗಳಲ್ಲಿ ಹತ್ತಿ ಬಿಡಿಸುವ ಮತ್ತು ಮೆಣಸಿನಕಾಯಿ ಹರಿಯುವ ದಿನಗಳಲ್ಲಿ ಹಾಜರಿ ಪುಸ್ತಕವೇ ಸೊರಗುತ್ತದೆ. ಕೆಲವು ಮನೆಗಳವರು ಮಕ್ಕಳನ್ನೂ ಕರೆದುಕೊಂಡು ಬೆಂಗಳೂರಿನ ಕಡೆಗೆ ಗುಳೆ ಹೋಗುತ್ತಾರೆ. ಹೀಗಾಗಿ ಜೋಡಿಯಲ್ಲಿ ಒಬ್ಬರು ಊರಿನವರೇ ಆಗಿದ್ದು, ಇನ್ನೊಬ್ಬರು ಪಕ್ಕದ ಹಳ್ಳಿಯಿಂದ ಬಸ್ಸಿನಲ್ಲಿ ಬರುವವರಾದರೂ ನಡೆಯುತ್ತದೆ. ಬಸ್ಸು ತಡವಾದ ದಿನ ಬೆಳಗಿನ ಕೆಲಸ ನಿಲ್ಲುವುದಿಲ್ಲ. ಗುಳೆಯಿಂದ ಮರಳಿದ ಮಗುವನ್ನು ಹೊಸ ಸರದಿ ಬರುವವರೆಗೆ ಕಾಯಿಸದೆ, ಬಂದ ವಾರವೇ ಯಾವುದಾದರೊಂದು ಜೋಡಿಗೆ ಮೂರನೆಯವರಾಗಿ ಸೇರಿಸಬೇಕು.

ಆಯ್ಕೆಗೆ ಮೂರು ಇಷ್ಟದ ಕೆಲಸಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಬಹುದು. ಆದರೆ ನೀರು ಮತ್ತು ಕಸದ ಸರದಿಯನ್ನು ಮಕ್ಕಳ ಇಷ್ಟಕ್ಕೆ ಬಿಡದೆ, ಹಾಜರಿ ಪುಸ್ತಕದ ಕ್ರಮದಲ್ಲಿ ಶಿಕ್ಷಕರೇ ಹಾಕಬೇಕು. ಅದರಿಂದ ಯಾವ ಮಗುವೂ ಹೊರಗುಳಿಯಬಾರದು. ಬೇರೆ ಕೆಲಸಗಳಲ್ಲಿ ಅದಲುಬದಲಿಗೆ ಒಪ್ಪಬಹುದು, ಇವೆರಡರಲ್ಲಿ ಒಪ್ಪಬಾರದು. ಇಲ್ಲಿ ಕೇಳುವ ಅದಲುಬದಲಿನ ಹಿಂದೆ ಎಷ್ಟೋ ಸಲ ಜಾತಿಯ ಲೆಕ್ಕವಿರುತ್ತದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹುಡುಗ ಹುಡುಗಿಯರನ್ನು ಒಂದೇ ಜೋಡಿಯಲ್ಲಿ ಹಾಕಲೇಬೇಕೆಂಬ ಹಟ ಬೇಡ. ಕಸಬರಿಗೆ ಸದಾ ಹುಡುಗಿಯರ ಕೈಗೆ, ಟಿವಿಯ ರಿಮೋಟು ಸದಾ ಹುಡುಗರ ಕೈಗೆ ಹೋಗುವ ರೂಢಿಯನ್ನು ಮಾತ್ರ ಪಟ್ಟಿಯಲ್ಲಿಯೇ ಮುರಿಯಬೇಕು.

ಒಂದು ಸರದಿ ನಾಲ್ಕು ವಾರ ಇರಲಿ. ವಾರಕ್ಕೊಮ್ಮೆ ಬದಲಿಸಿದರೆ ಕೆಲಸ ರೂಢಿಯಾಗುವ ಮೊದಲೇ ಕೈತಪ್ಪುತ್ತದೆ, ವರ್ಷವಿಡೀ ಒಬ್ಬರಿಗೇ ಬಿಟ್ಟರೆ ಅದು ಅವರ ಗತ್ತಾಗುತ್ತದೆ. ಸರದಿಯ ಕೊನೆಯ ಶನಿವಾರ, ಬೆಳಗಿನ ತರಗತಿಗಳು ಮುಗಿದ ಮೇಲೆ, ಹಳೆಯ ಜೋಡಿ ಹೊಸ ಜೋಡಿಗೆ ಕೆಲಸವನ್ನು ಮಾಡಿ ತೋರಿಸಿ ಚೀಟಿಯನ್ನು ಒಪ್ಪಿಸಬೇಕು. ಉಳಿದ ಶನಿವಾರಗಳಲ್ಲಿ ಹತ್ತು ನಿಮಿಷ ಸಾಕು, "ಈ ವಾರ ನಿಮ್ಮ ಕೆಲಸಕ್ಕೆ ಏನು ಅಡ್ಡಿಯಾಯಿತು?" ಎಂಬ ಒಂದೇ ಪ್ರಶ್ನೆಗೆ ಬರುವ ಉತ್ತರದಲ್ಲಿ ಕಸಬರಿಗೆ ಸವೆದದ್ದೂ, ಜೋಡಿಯಲ್ಲಿ ಮಾತು ಬಿಟ್ಟದ್ದೂ ಹೊರಬೀಳುತ್ತವೆ. ಕೆಲಸ ತಪ್ಪಿದ್ದಕ್ಕೆ ಶಿಕ್ಷೆಯಾಗಿ ಕಸ ಗುಡಿಸಲು ಹಚ್ಚಬಾರದು. ಒಮ್ಮೆ ಕಸಬರಿಗೆ ಶಿಕ್ಷೆಯ ಗುರುತಾದರೆ ಮುಂದೆ ಸರದಿಯವರೂ ಅದನ್ನು ಮುಟ್ಟಲು ನಾಚುತ್ತಾರೆ. ಕೆಲಸವನ್ನು ಅಂಕಗಳಿಗೆ ಜೋಡಿಸುವುದೂ ಬೇಡ.

ಮಾನಿಟರ್ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಮಾತನಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಸುವ ಪದ್ಧತಿ ನಿಲ್ಲಬೇಕು. ಅದು ಹದಿನಾಲ್ಕು ವರ್ಷದ ಹುಡುಗನನ್ನು ಪೊಲೀಸನನ್ನಾಗಿ ಮಾಡುತ್ತದೆ, ಪೆನ್ನು ಚಾಕೊಲೇಟುಗಳ ಲಂಚವನ್ನೂ ಕಲಿಸುತ್ತದೆ. ಗಂಟೆ ಹೊಡೆದು ಐದು ನಿಮಿಷವಾದರೂ ಶಿಕ್ಷಕರು ಬಾರದಿದ್ದರೆ ಶಿಕ್ಷಕರ ಕೊಠಡಿಗೆ ಹೋಗಿ ತಿಳಿಸುವುದು, ಗೈರುಹಾಜರಾದವರಿಗೆ ಮನೆಗೆಲಸ ಮುಟ್ಟಿಸುವುದು, ಇವು ಮಾನಿಟರ್‌ಗೆ ತಕ್ಕ ಕೆಲಸಗಳು.

ಕೊಡಲೇಬಾರದ ಕೆಲಸಗಳೂ ಇವೆ. ಶೌಚಾಲಯ ಸ್ವಚ್ಛತೆಗೆ ಮಕ್ಕಳನ್ನು ಬಳಸಬಾರದೆಂದು ಶಿಕ್ಷಣ ಇಲಾಖೆಯೇ ಸೂಚಿಸಿದೆ. ಅಡುಗೆ ಕೋಣೆಯಿಂದ ಬಿಸಿ ಸಾಂಬಾರಿನ ಪಾತ್ರೆ ಹೊರಿಸುವುದು, ಹಣ ಸಂಗ್ರಹಿಸಲು ಹೇಳುವುದು, ಶಿಕ್ಷಕರ ಬೈಕು ಒರೆಸಲು ಕಳುಹಿಸುವುದು ಕೂಡ ಇದೇ ಸಾಲಿಗೆ ಸೇರುತ್ತವೆ.

ಫೆಬ್ರವರಿ ಕಳೆದು ಈ ಭಾಗದ ಬಿಸಿಲು ಏರಿದಂತೆ ಡ್ರಮ್ಮು ಮಧ್ಯಾಹ್ನದ ಹೊತ್ತಿಗೇ ಖಾಲಿಯಾಗುತ್ತದೆ. ಆಗ ನೀರಿಗೆ ಎರಡನೆಯ ಜೋಡಿ ಬೇಕಾಗುತ್ತದೆ. ಹತ್ತನೆಯ ತರಗತಿಯವರಿಗೆ ಜನವರಿಯಿಂದ ವಿಶೇಷ ತರಗತಿಗಳೂ ಪೂರ್ವಸಿದ್ಧತಾ ಪರೀಕ್ಷೆಗಳೂ ಇರುವುದರಿಂದ, ಅವರಿಗೆ ನೀರು, ಕಸ, ಕರಿಹಲಗೆ ಮೂರನ್ನು ಮಾತ್ರ ಉಳಿಸಿ, ಸರದಿಯನ್ನು ಒಂದು ವಾರಕ್ಕೆ ಇಳಿಸಬಹುದು. ಗ್ರಂಥಾಲಯದ ಲೆಕ್ಕವನ್ನು ಒಂಬತ್ತನೆಯ ತರಗತಿಯ ಜೋಡಿಗೆ ಡಿಸೆಂಬರ್ ಕೊನೆಯಲ್ಲಿಯೇ ಒಪ್ಪಿಸಬೇಕು.