ಪುಲಿಕೇಶಿ ಘಾರಾಪುರಿ ಕಟ್ಟಿಸಿದನೇ? ನಾಲ್ಕು ಟ್ಯಾಬ್‌ಗಳ ಇತಿಹಾಸ ತರಗತಿ

ಮಕ್ಕಳ ಕೈಗೆ ಟ್ಯಾಬ್ ಕೊಟ್ಟರೆ ರೀಲ್ಸ್ ನೋಡುತ್ತಾರೆ, ಇತಿಹಾಸ ಯಾರು ಓದುತ್ತಾರೆ ಎಂದು ನಮ್ಮ ಸ್ಟಾಫ್ ರೂಮಿನಲ್ಲೇ ಕೇಳಿದವರಿದ್ದರು. ಈ ವರ್ಷ ಅವರೇ ನನ್ನ ಪಾಠದ ಹಾಳೆಗಳನ್ನು ಕೇಳಿ ಒಯ್ದಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮುಂಬೈಯ ಧಾರಾವಿ ಕಡೆಯ ಕನ್ನಡ ಮಾಧ್ಯಮ ಶಾಲೆ. ಮಕ್ಕಳ ಮನೆಯವರು ಹೆಚ್ಚಾಗಿ ಕಲಬುರಗಿ, ವಿಜಯಪುರ, ಯಾದಗಿರಿಯವರು. ಮೊದಲು ದಾನಿಯೊಬ್ಬರ ಹಣದಲ್ಲಿ ವಿಆರ್ ಕನ್ನಡಕ ಬಂತು, ಸುಮಾರು 12,000 ರೂಪಾಯಿ. ಮಕ್ಕಳು ಗುಹೆ ನೋಡಿ ಕೂಗಿ ಸಂಭ್ರಮಿಸಿದರು, ಪ್ರಶ್ನೆ ಮಾತ್ರ ಒಂದೂ ಹುಟ್ಟಲಿಲ್ಲ. ಆಮೇಲೆ ಕ್ವಿಜ್ ಆ್ಯಪ್. ವರ್ಷಕ್ಕೆ ಏಳೆಂಟು ಸಾವಿರ ಶುಲ್ಕ. ಬೇಗ ಒತ್ತಿದವನಿಗೇ ಅಂಕ, ಯೋಚಿಸುತ್ತ ಕೂತವಳಿಗೆ ಸೊನ್ನೆ. ಅದನ್ನೂ ಬಿಡಿಸಿದೆ. ಕೊನೆಗೆ ಲ್ಯಾಮಿಂಗ್ಟನ್ ರೋಡಿನಲ್ಲಿ ಹಳೆಯ ಟ್ಯಾಬ್ 4 ಕೊಂಡೆ, ಒಂದೊಂದಕ್ಕೆ 3,500ರ ಆಸುಪಾಸು. ಒಂದರ ಬ್ಯಾಟರಿ ಮಳೆಗಾಲ ಮುಗಿಯುವುದರೊಳಗೆ ಊದಿಕೊಂಡಿತು. ನೆಟ್ ನನ್ನ ಫೋನಿನದೇ, ತಿಂಗಳಿಗೆ 300 ರೂಪಾಯಿ.

ಕೆಲಸ ಕೊಟ್ಟದ್ದು ಒಂದು ವಾಟ್ಸ್‌ಆ್ಯಪ್ ಫಾರ್ವರ್ಡ್: ‘ಎಲಿಫೆಂಟಾ ಗುಹೆ ಕಟ್ಟಿಸಿದ್ದು ನಮ್ಮ ಇಮ್ಮಡಿ ಪುಲಿಕೇಶಿ.’ ಎಲಿಫೆಂಟಾ ಎಂದರೆ ಮುಂಬೈ ಪಕ್ಕದ ಘಾರಾಪುರಿ ದ್ವೀಪ. ಇಡೀ ತರಗತಿಗೆ ಎದೆಯುಬ್ಬಿತು. ನಾನು ಹೌದು, ಅಲ್ಲ ಎಂದು ಏನೂ ಹೇಳಲಿಲ್ಲ. 634ರ ಐಹೊಳೆ ಶಾಸನದ ಸಾಲಿನ ಅರ್ಥವನ್ನು ಒಂದು ಗುಂಪಿಗೆ ಕೊಟ್ಟೆ. ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ‘ಪುರಿ’ಯನ್ನು ಪುಲಿಕೇಶಿ ನೂರಾರು ಹಡಗುಗಳಿಂದ ಮುತ್ತಿದನೆಂದು ಶಾಸನದ ಕವಿ ರವಿಕೀರ್ತಿ ಅಲ್ಲಿ ಹೇಳುತ್ತಾನೆ. ಇನ್ನೊಂದು ಗುಂಪಿಗೆ ಗೂಗಲ್ ಅರ್ಥ್: ‘ಪುರಿ’ ಎಂದರೆ ಘಾರಾಪುರಿಯೋ, ಮುರುಡ್ ಬಳಿಯ ರಾಜಪುರಿಯೋ? ವಿದ್ವಾಂಸರಲ್ಲೇ ಒಮ್ಮತವಿಲ್ಲ. ಅಳತೆಪಟ್ಟಿ ಎಳೆದು ಎರಡೂ ಜಾಗ ನೋಡಿದರು. ಮೂರನೆಯದಕ್ಕೆ ದ್ವೀಪದಲ್ಲಿ ಸಿಕ್ಕ, 6ನೇ ಶತಮಾನದ ಕಳಚೂರಿ ದೊರೆ ಕೃಷ್ಣರಾಜನ ನಾಣ್ಯಗಳ ಮಾಹಿತಿ. ನಾಲ್ಕನೆಯದಕ್ಕೆ, ಗುಹೆಯ ಶಾಸನದ ಕಲ್ಲನ್ನು ಪೋರ್ಚುಗಲ್ ದೊರೆಗೆ ಕಳಿಸಿದರೆಂದು ಪೋರ್ಚುಗೀಸ್ ಇತಿಹಾಸಕಾರ ಡಿಯೊಗೊ ಡು ಕೌಟೊ ಬರೆದದ್ದು. ಆ ಕಲ್ಲು ಈಗ ಇಲ್ಲ.

ಎರಡು ಶನಿವಾರ ಗದ್ದಲವೇ. ಮೂರನೆಯ ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸರ್, ಮುತ್ತಿದ ಅಂತ ಐತಿ, ಕೆತ್ತಿಸಿದ ಅಂತ ಎಲ್ಲೈತಿ?” ಎಂದಳು. ನನಗೆ ಬೇಕಿದ್ದದ್ದು ಅದೇ. ಗುಹೆ 6ನೇ ಶತಮಾನದ ನಡುವಿನದೆಂದು ಬಹುತೇಕರು ಒಪ್ಪುತ್ತಾರೆ, ಪುಲಿಕೇಶಿ ಪಟ್ಟಕ್ಕೆ ಬಂದದ್ದು 7ನೇ ಶತಮಾನದ ಆರಂಭದಲ್ಲಿ. ಅದನ್ನೂ ಅವರೇ ಹುಡುಕಿ ಬೋರ್ಡಿನ ಮೇಲೆ ಬರೆದರು. ಇಷ್ಟು ಚೆನ್ನಾಗಿ ನಡೆದ ಇತಿಹಾಸ ತರಗತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಯಾವ ಆಧಾರ ಯಾರ ಕೈಗೆ ಮೊದಲು ಹೋಗಬೇಕೆನ್ನುವುದರಲ್ಲೇ ಗುಟ್ಟಿದೆ. ಆ ಅನುಕ್ರಮ ನನ್ನ ಬಳಿಯೇ ಇರಲಿ.

ಒಂದು ಎಚ್ಚರಿಕೆ: ಹುಡುಗರ ಮುಖ ಬಾಡುತ್ತದೆ. ನಮ್ಮವರದಲ್ಲ ಎಂದು ಗೊತ್ತಾದಾಗ ಬೇಸರ ಸಹಜ. ಹಾಗಾಗಿ ಮುಂದಿನ ವಾರ ಬೊರಿವಲಿಯ ಕಾನ್ಹೇರಿ ಗುಹೆಗಳಿಗೆ ಹೋದೆವು, ಪರದೆಯ ಮೇಲಲ್ಲ, ಲೋಕಲ್ ಹತ್ತಿ. ನಮ್ಮ ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದ ಶಾಸನಗಳು ಅಲ್ಲಿ ಇಂದಿಗೂ ಕಲ್ಲಿನಲ್ಲೇ ಇವೆ. ಆಧಾರ ಇರುವ ಹೆಮ್ಮೆ, ಇಲ್ಲದ ಹೆಮ್ಮೆ ಎರಡರ ವ್ಯತ್ಯಾಸ ನಾನು ವಿವರಿಸಬೇಕಾಗಲಿಲ್ಲ.

ನಡುವೆ ಇನ್ನೊಂದು ಪ್ರಯೋಗ. 1911ರಲ್ಲಿ ದೊರೆ ಐದನೆಯ ಜಾರ್ಜ್ ಗೇಟ್‌ವೇ ಆಫ್ ಇಂಡಿಯಾ ಕಮಾನಿನ ಕೆಳಗೆ ನಡೆದು ಬರುವ ಚಿತ್ರವನ್ನು ಎಐನಿಂದ ಮಾಡಿಸಿ ತೋರಿಸಿದೆ. ಚಿತ್ರದ ಮೂಲ ಹುಡುಕುವ ಗೂಗಲ್ ಲೆನ್ಸ್ ಸ್ಪಷ್ಟ ಉತ್ತರ ಕೊಡಲಿಲ್ಲ. ಕಮಾನು ಮುಗಿದದ್ದು 1924ರಲ್ಲಿ ಎಂಬುದನ್ನು ಹಿಡಿದು ಚಿತ್ರ ಸುಳ್ಳೆಂದು ಸಾಬೀತು ಮಾಡಿದ್ದು ಮಕ್ಕಳೇ. ಲೇಖನವನ್ನು ಯಾರು ಯಾವಾಗ ತಿದ್ದಿದರೆಂದು ತೋರಿಸುವ ವಿಕಿಪೀಡಿಯದ ‘ಇತಿಹಾಸ ನೋಡಿ’ ಪುಟ ಮಾತ್ರ ಎಂಟನೆಯ ತರಗತಿಗೆ ಭಾರವಾಯಿತು, ಒಂಬತ್ತಕ್ಕೆ ಇಡುವುದು ಒಳ್ಳೆಯದು.

ಈಗ 1982ರ ಮುಂಬೈ ಬಟ್ಟೆ ಗಿರಣಿ ಮುಷ್ಕರ ಹಿಡಿದಿದ್ದೇವೆ. ಆಗ ಮಿಲ್ಲಿನಲ್ಲಿದ್ದ ಅಜ್ಜಂದಿರ ಮಾತನ್ನು ಮಕ್ಕಳು ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದಾರೆ. ಆಮೇಲೆ ಆ ಕಾಲದ ಪತ್ರಿಕೆ ಪಕ್ಕದಲ್ಲಿಟ್ಟು ಎಲ್ಲಿ ಹೊಂದುತ್ತದೆ, ಎಲ್ಲಿ ಇಲ್ಲ ಎಂದು ನೋಡಬೇಕು. ಒಂದು ಒಳ್ಳೆಯ ಮೈಕ್ 900 ರೂಪಾಯಿಗೆ ಸಿಗುತ್ತದಂತೆ, ಮುಂದಿನ ಸಂಬಳಕ್ಕೆ ತರುತ್ತೇನೆ.